ಡ್ರಗ್ ಇನ್‌ಸ್ಪೆಕ್ಟರ್ ಬಂದ ದಿನ ನಮ್ಮ ಮೆಡಿಕಲ್ ಸ್ಟೋರ್

ಅಮ್ಮನ ಇನ್ಸುಲಿನ್‌ಗೆ ನಾನು ಆರು ವರ್ಷದಿಂದ ಹೋಗುತ್ತಿರುವುದು ಹನುಮಂತನಗರದಲ್ಲಿ ನಮ್ಮ ಹಿಂದಿನ ರಸ್ತೆಯ ಪುಟ್ಟ ಮೆಡಿಕಲ್ ಸ್ಟೋರಿಗೆ. ಅದಕ್ಕೂ ಮೊದಲು ಬೇರೆ ಕಡೆ ತರುತ್ತಿದ್ದೆ. ಅಲ್ಲಿ ಒಂದು ಏಪ್ರಿಲ್ ಮಧ್ಯಾಹ್ನ ಹುಡುಗ ಕೆಮ್ಮಿನ ಸಿರಪ್ಪಿನ ಪಕ್ಕದಿಂದ ಇನ್ಸುಲಿನ್ ಡಬ್ಬಿ ತೆಗೆದುಕೊಟ್ಟ. ಮುಟ್ಟಿದರೆ ಬೆಚ್ಚಗಿತ್ತು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು! ವಾಪಸ್ ಕೊಟ್ಟು ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಕಳೆದ ತಿಂಗಳು ನಾನು ಕೌಂಟರ್ ಮುಂದೆ ನಿಂತಿದ್ದಾಗಲೇ ಡ್ರಗ್ ಇನ್‌ಸ್ಪೆಕ್ಟರ್ ಬಂದರು. ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕೆಂದು ನಿಯಮವಿದೆ, ಆದರೆ ಅವರು ಹೇಳಿ ಬಂದದ್ದಲ್ಲ. ಗೋಡೆಯ ಮೇಲಿನ ಔಷಧಿ ಮಾರಾಟದ ಲೈಸೆನ್ಸ್ (ಫಾರಂ 20 ಮತ್ತು 21) ನೋಡಿ, "ಫಾರ್ಮಸಿಸ್ಟ್ ಯಾರು?" ಅಂದರು. ಬಿಳಿ ಕೋಟಿನಲ್ಲಿ ನನಗೆ ಔಷಧಿ ಎತ್ತಿಕೊಡುತ್ತಿದ್ದ ಹುಡುಗಿ "ನಾನೇ ಸಾರ್" ಅಂದಳು. ಫಾರ್ಮಸಿಸ್ಟ್ ಸರ್ಟಿಫಿಕೇಟಿನ ಫೋಟೋದಲ್ಲಿರುವವರೇ ಕೌಂಟರಿನಲ್ಲಿ ಸಿಗುವುದು ನನಗೆ ದೊಡ್ಡ ನೆಮ್ಮದಿ.

ಫ್ರಿಜ್ಜಿನ ಥರ್ಮಾಮೀಟರ್ 5 ತೋರಿಸುತ್ತಿತ್ತು. ಬೆಳಿಗ್ಗೆ ಸಂಜೆ ಬರೆದಿಟ್ಟ ಪುಸ್ತಕವೂ ಇತ್ತು. ಆಮೇಲೆ ಅವರು ಹೆಚ್ಚು ಹೊತ್ತು ಕೂತದ್ದು ಶೆಡ್ಯೂಲ್ ಎಚ್1 ರಿಜಿಸ್ಟರ್ ಮುಂದೆ, ಅಂದರೆ ಡಾಕ್ಟರ್ ಚೀಟಿ ಇದ್ದರಷ್ಟೇ ಕೊಡಬಹುದಾದ ಕೆಲವು ಔಷಧಿಗಳ ಲೆಕ್ಕದ ಪುಸ್ತಕದ ಮುಂದೆ. ನಿದ್ದೆ ಮಾತ್ರೆ, ಟಿಬಿ ಔಷಧಿ, ಕೆಲವು ಬಲವಾದ ಆಂಟಿಬಯೋಟಿಕ್‌ಗಳು ಇದರಲ್ಲಿ ಬರುತ್ತವೆ. ಬರೆದುಕೊಟ್ಟ ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಎಲ್ಲ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದೊಂದಾಗಿ ಎಣಿಸಿ ಖರೀದಿ ಬಿಲ್ಲಿಗೆ ತಾಳೆ ನೋಡಿದರು. ಸರಿಹೋಯಿತು.

ಅದನ್ನು ನೋಡುವಾಗ ನನ್ನದೇ ಒಂದು ಜಗಳ ನೆನಪಾಯಿತು. ಮಗನಿಗೆ ಜ್ವರವೆಂದು ಹಳೆಯ ನೆನಪಿನ ಮೇಲೆ ಸೆಫಿಕ್ಸಿಮ್ ಎಂಬ ಆಂಟಿಬಯೋಟಿಕ್ ಕೇಳಿದ್ದೆ. "ಚೀಟಿ ಇಲ್ಲದೆ ಆಗಲ್ಲ ಆಂಟಿ, ಡಾಕ್ಟರಿಗೆ ತೋರಿಸಿ" ಎಂದು ಈ ಹುಡುಗಿಯೇ ಕಳಿಸಿದ್ದಳು. ರಾತ್ರಿ ಒಂಬತ್ತಕ್ಕೆ ಎಷ್ಟು ಸಿಟ್ಟು ಬಂದಿತ್ತು! ಡಾಕ್ಟರ್ ನೋಡಿ ವೈರಲ್ ಎಂದರು, ಆಂಟಿಬಯೋಟಿಕ್ ಬೇಕಾಗಲೇ ಇಲ್ಲ.

ತಪ್ಪೂ ಒಂದು ಸಿಕ್ಕಿತು. ಡ್ರಾಯರಿನಲ್ಲಿ ಅರ್ಧ ಕತ್ತರಿಸಿದ ಸ್ಟ್ರಿಪ್. ಬ್ಯಾಚ್ ನಂಬರ್, ಎಕ್ಸ್‌ಪೈರಿ ಇದ್ದ ತುದಿಯೇ ಮಾರಾಟವಾಗಿತ್ತು. ಇನ್‌ಸ್ಪೆಕ್ಟರ್ ತಪಾಸಣೆ ಪುಸ್ತಕದಲ್ಲಿ, ಅಂದರೆ ಫಾರಂ 35ರಲ್ಲಿ ಅದನ್ನು ಬರೆದರು. ಮಾಲೀಕರು ವಾದ ಮಾಡದೆ ಆ ಸ್ಟ್ರಿಪ್ಪನ್ನು "ಮಾರಾಟಕ್ಕಲ್ಲ" ಎಂದು ಬರೆದ ಡಬ್ಬಕ್ಕೆ ಹಾಕಿದರು. ಕೊನೆಗೆ ಒಂದು ಬಗೆಯ ಮಾತ್ರೆಗಳ ಸ್ಯಾಂಪಲ್ ತೆಗೆದು, ನಾಲ್ಕು ಪಾಲು ಮಾಡಿ ಸೀಲ್ ಹಾಕಿ, ಒಂದು ಪಾಲನ್ನು ಅಂಗಡಿಯಲ್ಲೇ ಬಿಟ್ಟು ಹೋದರು.

ಇಲ್ಲಿ ಆ್ಯಪ್‌ಗಳಷ್ಟು ರಿಯಾಯಿತಿ ಇಲ್ಲ, ಮನೆಗೆ ತಂದುಕೊಡುವುದಿಲ್ಲ, ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ. ಬಿಲ್ಲು ಮಾತ್ರ ಕೇಳದೆಯೇ ಕೊಡುತ್ತಾರೆ, ಬ್ಯಾಚ್ ನಂಬರ್ ಸಮೇತ.

ಮೊನ್ನೆ ಅಮ್ಮನ ಬಿಪಿ ಮಾತ್ರೆ ಐದೇ ಐದು ಕೇಳಿದೆ. ಆ ಹುಡುಗಿ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ, ಎಕ್ಸ್‌ಪೈರಿ ಇಲ್ಲದ ತುದಿಯಿಂದ ಕತ್ತರಿಸಿ, ನನ್ನ ಕವರಿನ ಮೇಲೆ ತಾರೀಖನ್ನು ಪೆನ್ನಿನಲ್ಲಿ ಬರೆದುಕೊಟ್ಟಳು.