ಚರ್ಮಗಂಟು ರೋಗ: ಆಡಿನ ಲಸಿಕೆಯೋ, ಹಸುವಿನದೇ ಲಸಿಕೆಯೋ?

ಮೈಮೇಲೆ ಅಡಿಕೆ ಗಾತ್ರದ ಗಂಟು, ಜ್ವರ, ಮೇವು ಮುಟ್ಟದೆ ಮೂಲೆಯಲ್ಲಿ ನಿಂತ ಹಸು. ಒಮ್ಮೆ ನೋಡಿದರೆ ಮರೆಯಲ್ಲ. 2019ರಲ್ಲಿ ಒಡಿಶಾದಲ್ಲಿ ಈ ರೋಗ ಕಾಣಿಸಿಕೊಂಡಾಗ ನಮ್ಮಲ್ಲಿ ಇದಕ್ಕೆಂದೇ ಲಸಿಕೆ ಇರಲಿಲ್ಲ. ಆಡಿನ ಸಿಡುಬಿನ ಲಸಿಕೆಯನ್ನೇ ಹಸುವಿಗೂ ಹಾಕಿದರು. ಸುಮ್ನೆ ಅಲ್ಲ, ಎರಡೂ ವೈರಸ್ ದಾಯಾದಿಗಳು. ಆಡಿಗಿಂತ ಜಾಸ್ತಿ ಡೋಸ್ ಬೇಕು, ಅಷ್ಟೇ. ಸುಲಭವಾಗಿ ಸಿಗುತ್ತದೆ ಅನ್ನುವುದೇ ಇದರ ದೊಡ್ಡ ಗುಣ. ಆದರೆ ಎರವಲು ಅಂಗಿ ಎರವಲೇ, ಅಲ್ವಾ? ರಕ್ಷಣೆ ಪೂರ್ತಿ ಸಿಗುವುದಿಲ್ಲ.

ಲಂಪಿ-ಪ್ರೊವ್ಯಾಕ್‌ಇಂಡ್ ಹಾಗಲ್ಲ, ಇದು ಹಸುವಿನ ಈ ರೋಗಕ್ಕೆಂದೇ ಮಾಡಿದ ಲಸಿಕೆ. ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರ (ಹೌದು, ಕುದುರೆಯದೇ!) ಮತ್ತು ಇಜ್ಜತ್‌ನಗರದ ಪಶುವೈದ್ಯ ಸಂಸ್ಥೆ ಸೇರಿ ಮಾಡಿದ್ದು. 2019ರಲ್ಲಿ ರಾಂಚಿಯ ಹಸುವಿನಿಂದ ಪಡೆದ ವೈರಸ್ಸನ್ನೇ ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಕಸುವು ಕುಗ್ಗಿಸಿದರು. 2022ರ ಆಗಸ್ಟ್‌ನಲ್ಲಿ ಹೊರಬಂತು. ಇದೇ ವೈರಸ್ ತಳಿಯಿಂದ ಮಾಡಿದ ಇನ್ನೊಂದು ಲಸಿಕೆ ಬಯೋಲಂಪಿವ್ಯಾಕ್ಸಿನ್‌ಗೆ 2025ರ ಫೆಬ್ರುವರಿಯಲ್ಲಿ ಪರವಾನಗಿ ಸಿಕ್ಕಿದೆ. ರೋಗ ಬಂದ ಹಸು ಯಾವುದು, ಲಸಿಕೆ ಪಡೆದದ್ದು ಯಾವುದು ಎಂದು ರಕ್ತಪರೀಕ್ಷೆಯಲ್ಲಿ ಬೇರೆ ಮಾಡಲು ಅದು ನೆರವಾಗುತ್ತದೆ.

ಎರಡೂ ಸಿಕ್ಕರೆ ನಾನಂತೂ ಹಸುವಿನದನ್ನೇ ಆರಿಸುತ್ತೇನೆ. ಸಿಗದಿದ್ದರೆ ಕಾಯುತ್ತಾ ಕೂರಬೇಡಿ, ಆಡಿನದನ್ನೇ ಹಾಕಿಸಿ. ಯಾವುದಾದರೂ ಐಸ್ ಪೆಟ್ಟಿಗೆಯಲ್ಲೇ ಬರಬೇಕು. ಪ್ರತಿ ಹಸುವಿಗೂ ಬೇರೆ ಸೂಜಿ. ರಕ್ಷಣೆ ಕೂಡಿಬರಲು ಮೂರು ವಾರ ಬೇಕು, ಅಲ್ಲಿಯವರೆಗೆ ಕೊಟ್ಟಿಗೆಗೆ ಸಂಜೆ ಬೇವಿನ ಹೊಗೆ ಹಾಕಿ, ನೊಣ ಸೊಳ್ಳೆ ದೂರವಿಡಿ.