ಐಸಿಯು ಫ್ಯಾಮಿಲಿ ಮೀಟಿಂಗ್: ಮಾತು ಚಲೋ, ಹೊತ್ತು ತಡ

ಬೆಳಗಾವಿಯ ಖಾಸಗಿ ಆಸ್ಪತ್ರೆಯೊಂದರ ಐಸಿಯುದಲ್ಲಿ ಡಾಕ್ಟರರು ರೋಗಿಯ ಮನೆಯವರನ್ನು ಕೂಡ್ರಿಸಿಕೊಂಡು ಮಾತಾಡುವ ವ್ಯವಸ್ಥೆಯ ಬಗ್ಗೆ ಇದು.

ಮಾತು ಕಾರಿಡಾರಿನಲ್ಲಿ ನಿಂತು ಮುಗಿಯುವುದಿಲ್ಲ. ಬಾಗಿಲು ಹಾಕಿದ ಕೋಣೆ, ಎಲ್ಲರಿಗೂ ಕುರ್ಚಿ, ಜತೆಗೆ ಒಬ್ಬ ಸಿಸ್ಟರ್. ಖಾನಾಪುರ, ಚಂದಗಡ ಕಡೆಯವರಿಗೆ ಮರಾಠಿಯಲ್ಲೇ ಹೇಳುತ್ತಾರೆ. ಡಾಕ್ಟರರ ಮೊದಲ ಪ್ರಶ್ನೆ: ‘ಇಲ್ಲೀತನಕ ನಿಮಗ ಏನಂತ ಹೇಳ್ಯಾರ್ರಿ?’ ಉತ್ತರ ಕೇಳಿದ ಮೇಲೆಯೇ ಮುಂದಿನ ಮಾತು.

ಸಿಪಿಆರ್, ಅಂದರೆ ನಿಂತ ಹೃದಯವನ್ನು ಮತ್ತೆ ನಡೆಸಲು ಎದೆ ಒತ್ತುವುದು. ಅದನ್ನು ವಿವರಿಸುವ ರೀತಿಗೆ ಪೂರ್ತಿ ಅಂಕ. ಎದೆಯನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ವಯಸ್ಸಾದವರ ಪಕ್ಕೆಲುಬು ಮುರಿಯುವುದುಂಟು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹಾರ್ಟ್ ಅಟ್ಯಾಕಿನಲ್ಲಿ ಬಡಿತದ ಲಯ ತಪ್ಪಿ ಬಿದ್ದವರನ್ನು ಇದೇ ಸಿಪಿಆರ್ ಉಳಿಸಬಲ್ಲದು. ಹರಡಿದ ಕ್ಯಾನ್ಸರ್, ಸಾಲಾಗಿ ಸೋತ ಅಂಗಾಂಗಗಳಿಂದ ಹೃದಯ ನಿಂತಾಗ ಕಾರಣ ಹಾಗೇ ಉಳಿದಿರುತ್ತದೆ. ಮತ್ತೆ ಬಡಿದರೂ ಬಹಳ ಹೊತ್ತು ಬಡಿಯುವುದಿಲ್ಲ. ‘ಎಲ್ಲಾ ಮಾಡಿಬಿಡ್ರಿ’ ಅನ್ನುವ ಮೊದಲು ಮನೆಯವರಿಗೆ ತಿಳಿಯಬೇಕಾದ್ದೇ ಇದು.

ಕೆಡುವುದು, ಯಾವ ಚಿಕಿತ್ಸೆ ಬೇಡ ಎಂದು ಮನೆಯವರು ಸಹಿ ಮಾಡುವ ಫಾರ್ಮಿನಲ್ಲಿ. ಸಿಪಿಆರ್, ವೆಂಟಿಲೇಟರ್, ಡಯಾಲಿಸಿಸ್ ಮೂರಕ್ಕೂ ಒಂದೇ ಸಹಿ, ಫಾರ್ಮೂ ಇಂಗ್ಲಿಷಿನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಮಾರ್ಗಸೂಚಿಯಂತೆ ಡಿಎನ್‌ಎಆರ್ ಎಂದರೆ ಸಿಪಿಆರ್ ಬೇಡ ಎಂದಷ್ಟೇ. ಆಂಟಿಬಯಾಟಿಕ್, ಆಕ್ಸಿಜನ್, ನೋವಿನ ಔಷಧ ನಡೆದೇ ಇರಬೇಕು. ಇದು ಗೊತ್ತಾಗದೆ ‘ಸಹಿ ಮಾಡಿದ್ರ ಕೈಬಿಡ್ತಾರ’ ಎಂದು ಮನೆಯವರು ಹೆದರುತ್ತಾರೆ. ಆ ಹೆದರಿಕೆಗೆ ಫಾರ್ಮೇ ಕಾರಣ.

ಎರಡನೆಯ ಕೊರತೆ, ಇಬ್ಬರ ಎರಡು ಮಾತು. ಕಿಡ್ನಿ ಡಾಕ್ಟರರು ‘ಕ್ರಿಯಾಟಿನಿನ್ ಇಳದೈತಿ’ (ಕಿಡ್ನಿ ಹೊರಹಾಕಬೇಕಾದ ಕಸ ರಕ್ತದಲ್ಲಿ ಕಡಿಮೆಯಾಗಿದೆ) ಅಂದು ಹೋಗುತ್ತಾರೆ, ಮಿದುಳಿನ ಡಾಕ್ಟರರು ‘ಎಚ್ಚರ ಬರೂದು ಕಷ್ಟ’ ಅನ್ನುತ್ತಾರೆ. ಮನೆಯವರು ಮೊದಲನೆಯದನ್ನೇ ಹಿಡಿದುಕೊಳ್ಳುತ್ತಾರೆ. ‘72 ತಾಸು ನೋಡೋಣ’ ಎಂದರೆ ಏನನ್ನು ನೋಡುವುದೆಂದೂ ಹೇಳಬೇಕು: ಬಿಪಿ ಏರಿಸುವ ಔಷಧದ ಪ್ರಮಾಣ ಇಳಿಯಿತೇ, ಮೂತ್ರ ಬಂತೇ, ಕರೆದರೆ ಕಣ್ಣು ತೆರೆದರೇ.

ದೊಡ್ಡ ಕೊರತೆ ಹೊತ್ತಿನದು. ಗಂಟಲಿಗೆ ನಳಿಕೆ ಹಾಕಿದ ಮೇಲೆ ಮೀಟಿಂಗ್ ಕರೆದರೆ ರೋಗಿಯನ್ನು ಕೇಳುವುದು ಹೇಗೆ? ಹಳೆಯ ದಮ್ಮು, ಡಯಾಲಿಸಿಸ್, ಮುಂದುವರಿದ ಕ್ಯಾನ್ಸರ್ ಇರುವವರಿಗೆ ಈ ಮಾತು ಓಪಿಡಿಯಲ್ಲೇ ಆಗಬೇಕು.

ವೆಂಟಿಲೇಟರ್ ತೆಗೆಯುವ ಪ್ರಶ್ನೆ ಬಂದರೆ ‘ಸ್ವಂತ ಜವಾಬ್ದಾರಿ ಅಂತ ಬರದು ಮನಿಗೆ ಒಯ್ರಿ’ ಎನ್ನುವ ಚಾಳಿ ಇಲ್ಲಿಯೂ ಹೋಗಿಲ್ಲ. ಗುಣವಾಗದ ರೋಗಿಯ ವೆಂಟಿಲೇಟರನ್ನು ಆಸ್ಪತ್ರೆಯಲ್ಲೇ ತೆಗೆಯಲು ಸುಪ್ರೀಂ ಕೋರ್ಟ್ 2018ರಲ್ಲಿ ದಾರಿ ತೆರೆದು 2023ರಲ್ಲಿ ಸುಲಭಗೊಳಿಸಿದೆ. ಕರ್ನಾಟಕ ಸರ್ಕಾರದ ಆದೇಶವೂ 2025ರ ಜನವರಿಯಲ್ಲಿ ಬಂದಿದೆ. ತಲಾ ಮೂವರು ವೈದ್ಯರ ಎರಡು ಮಂಡಳಿ ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಮುಂದೆ ಮಾತಾಡಲಾಗದಾಗ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಲಿವಿಂಗ್ ವಿಲ್‌ಗೆ ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು.

ಮೀಟಿಂಗಿಗೆ ಹೋಗುವವರು ನಿರ್ಧಾರ ಹೇಳಬಲ್ಲ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಹಿಗೆ ಮುಂಚೆ ಫಾರ್ಮಿನ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿ, ಬೇಡದ್ದನ್ನು ಹೊಡೆದುಹಾಕಿಸಿ, ಝೆರಾಕ್ಸ್ ಪ್ರತಿ ಇಸಿದುಕೊಳ್ಳಿ.