ಅಲಾಯ್ ವ್ಹೀಲ್ ಪಾಲಿಶ್ ಮತ್ತ ಸೀಲಂಟ್: ದೀಡ್ ವರ್ಷ ಬಳಸಿದ ಮ್ಯಾಲ

ಮೊದಲೇ ಹೇಳಿಬಿಡ್ತೀನಿ, ಇದನ್ನ ತಗೊಂಡ ಎಂಟು ದಿನಕ್ಕ ರಿವ್ಯೂ ಬರೆದಿದ್ರ ಕಣ್ಣು ಮುಚ್ಚಿ 5ಕ್ಕ 5 ಸ್ಟಾರ್ ಕೊಡ್ತಿದ್ದೆ. ಈಗ 18 ತಿಂಗಳಾತು, ಕಾರು 30 ಸಾವಿರ ಕಿಲೋಮೀಟರ್ ಹತ್ರ ಓಡ್ಯಾದ, ಎರಡು ಬ್ಯಾಸಗಿ ದಾಟಿ ಎರಡನೇ ಮಳಿಗಾಲ ಶುರು ಆಗ್ಯಾದ. ಈಗ ಮೂರೂವರಿ ಕೊಡ್ತೀನಿ. ಕಡಿಮಿ ಆದ ದೀಡ್ ಸ್ಟಾರ್‌ದಾಗ ಒಂದು ಸ್ಟಾರಿನ ತಪ್ಪು ನಂದೇ, ಅದನ್ನೂ ಬರೀತೀನಿ.

ನಂದು 2019ರ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್, 15 ಇಂಚಿನ ಡೈಮಂಡ್ ಕಟ್ ಅಲಾಯ್, ಅಂದ್ರ ಅಲ್ಯೂಮಿನಿಯಂ ಮಿಶ್ರಲೋಹದ ವ್ಹೀಲ್. ಮನಿ ಕಲಬುರಗಿ ಜೇವರ್ಗಿ ರೋಡ್ ಕಡೆ, ಕೆಲ್ಸ ಸೇಡಂದಾಗ, ವಾರಕ್ಕ ಮೂರ್ನಾಕು ಸಲ ಮಳಖೇಡ ದಾಟಿ ಹೋಗಬೇಕು. ಆ ರೋಡ್ ಗೊತ್ತಿದ್ದವರಿಗೆ ಬಿಡಿಸಿ ಹೇಳೋದು ಬ್ಯಾಡ, ಸಿಮೆಂಟ್ ಫ್ಯಾಕ್ಟರಿ ಲಾರಿ, ಬಿಳಿ ಧೂಳ, ಮಳಿ ಬಂತಂದ್ರ ಎರಿ ಮಣ್ಣು ವ್ಹೀಲಿಗೆ ಮೆತ್ತಿಕೊಂಡು ರೊಟ್ಟಿ ಹಂಗ ಒಣಗ್ತದ. ಕಾರ್ ತಗೊಂಡಾಗ ವ್ಹೀಲ್ ದೂರದಿಂದ ಛಂದ ಕಾಣ್ತಿದ್ದವು, ಬಿಸಲಿಗೆ ಹತ್ರ ಕುಂತು ನೋಡಿದ್ರ ಮಾತ್ರ ಜೇಡರ ಬಲಿ ಹಂಗ ಸಣ್ಣ ಸಣ್ಣ ಗೀರು, ಮೈತುಂಬ.

ಶಾಣ್ಯಾತನ ಮಾಡಲಿಕ್ಕೆ ಹೋಗಿ ಮೊದಲ ಮನ್ಯಾಗ ದೇವರ ಸಾಮಾನು ತಿಕ್ಕೋ ಪುಡಿ ಹಚ್ಚಿದೆ. ಹಿತ್ತಾಳಿ ಸಮಯಿ ಲಕಲಕ ಹೊಳೀತದಲ್ಲ, ಇದೂ ಹೊಳೀತದ ಅಂತ ನನ್ನ ಲೆಕ್ಕ. ಅವ್ವ ನೋಡಿ "ಏ ಮಬ್ಬ, ಅದೇನು ಪೂಜಾದ ತಂಬಗಿ ಏನೋ, ಬಿಡೋ" ಅಂದ್ಳು, ನಾ ಕೇಳಲಿಲ್ಲ. ಒಂದು ಸ್ಪೋಕ್ ತಿಕ್ಕಿ ಒರಸಿ ನೋಡಿದ್ರ ಹೊಳಪು ಹೋಗಿ ಮಂಜು ಬಿದ್ದಂಗ ಮಬ್ಬ ಆಗಿತ್ತು, ಗೀರು ಇದ್ದಲ್ಲೇ ಇದ್ದವು.

ಆಮ್ಯಾಲ ಹುಮನಾಬಾದ್ ರೋಡ್ ಕಡೆ ಡೆಂಟಿಂಗ್ ಪೇಂಟಿಂಗ್ ಮಾಡೋ ಒಬ್ಬ ಭಾಯಿ ಹತ್ರ ಹೋದೆ. ಅಂವ ನಕ್ಕು ಅಂದ, "ಸಾಹೇಬ್ರ, ನೀವು ತಿಕ್ಕಿದ್ದು ಅಲ್ಯೂಮಿನಿಯಂ ಅಲ್ರಿ, ಅದರ ಮ್ಯಾಲಿನ ಲ್ಯಾಕರ್." ಡೈಮಂಡ್ ಕಟ್ ಅಂದ್ರ ವ್ಹೀಲಿನ ಮುಖ ಲೇತ್ ಮಶೀನ್ ಮ್ಯಾಲ ಸಣ್ಣಗ ಹೆರೆದು, ಆ ಹೊಳೆಯೋ ಲೋಹದ ಮ್ಯಾಲ ಪಾರದರ್ಶಕ ಲ್ಯಾಕರ್ ಹೊಡೆದಿರ್ತಾರ, ತಲಿ ಕೂದಲಿಗಿಂತ ತೆಳ್ಳಗ ಇರ್ತದ ಅದು. ನಮ್ಮ ಸಣ್ಣ ಗೀರು ಎಲ್ಲಾ ಇರೋದು ಆ ಲ್ಯಾಕರ್‌ನಾಗ. ನಿಮ್ಮ ವ್ಹೀಲ್ ಲ್ಯಾಕರ್ ಇದ್ದದ್ದೋ ಬರಿ ಲೋಹದ್ದೋ ಗೊತ್ತಿಲ್ಲಂದ್ರ ಒಂದು ಮೂಲ್ಯಾಗ ಜರಾ ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿ ಅರಿವಿ ನೋಡ್ರಿ, ಅರಿವಿ ಕರ್ರಗ ಆತಂದ್ರ ಬರಿ ಅಲ್ಯೂಮಿನಿಯಂ, ಆಗಲಿಲ್ಲಂದ್ರ ಮ್ಯಾಲ ಲ್ಯಾಕರ್ ಅದ, ಅಲ್ಲಿಗೇ ನಿಲ್ಲಸ್ರಿ. ಇನ್ನೊಂದು, ಗೀರಿನ ಮ್ಯಾಲ ಅಡ್ಡ ಉಗುರು ಎಳೀರಿ, ಉಗುರು ಸಿಕ್ಕೊಂಡ್ರ ಪಾಲಿಶಿಗೆ ಅದು ಹೋಗಂಗಿಲ್ಲ, ಜಾರಿ ಹೋದ್ರ ಹೋಗ್ತದ. ಇಷ್ಟು ಹೇಳಿ ಚಾ ಕುಡಿಸಿ ಕಳಿಸಿದ, ಒಂದು ರೂಪಾಯಿ ತಗೊಳ್ಳಲಿಲ್ಲ.

ಮುಂದ ತರಿಸಿದ್ದು ಎರಡು ಸಾಮಾನು, ಒಂದು ಲ್ಯಾಕರ್ ಮ್ಯಾಲ ಹಚ್ಚೋ ಫೈನ್ ಪಾಲಿಶ್ ಟ್ಯೂಬ್, ಇನ್ನೊಂದು ವ್ಹೀಲ್ ಸೀಲಂಟ್ ಸ್ಪ್ರೇ, ಅಂದ್ರ ಮಣ್ಣು ನೀರು ಅಂಟಿಕೊಳ್ಳಲಾರದಂಗ ಮ್ಯಾಲ ತೆಳ್ಳನ ಪದರು ಕೂಡಿಸೋದು. ಕಂಪನಿ ಹೆಸರು ಬರಿಯಂಗಿಲ್ಲ, ಈ ಜಾತಿ ಸಾಮಾನು ನಾಕೈದು ಕಂಪನಿವು ಸಿಗ್ತಾವ, ನಾ ಹೇಳೋದು ಎಲ್ಲಾದಕ್ಕೂ ಹೊಂದ್ತದ. ಡಿಸೆಂಬರ್‌ದಾಗ ಒಂದು ರವಿವಾರ ಮುಂಜಾನಿ 7ಕ್ಕ ಕುಂತೆ. ಮೊದಲ ನೀರು ಬಿಟ್ಟು ಧೂಳ ಇಳಿಸೋದು, ಶಾಂಪೂ ನೀರಿಂದ ತೊಳಿಯೋದು, ಆಮ್ಯಾಲ ಐರನ್ ರಿಮೂವರ್. ಇದು ನೋಡಲಿಕ್ಕೆ ಮಜಾ ಅದ, ಬ್ರೇಕಿನ ಕಬ್ಬಿಣದ ಪುಡಿ ಕೂತಲ್ಲೆಲ್ಲ ನೇರಳೆ ಬಣ್ಣ ಆಗಿ ಇಳೀತದ, ನಾತ ಮಾತ್ರ ಕೊಳೆತ ತತ್ತಿ ಹಂಗ. ಮುಂದಿನ ಎರಡು ವ್ಹೀಲಿನಿಂದ ನೇರಳೆ ಹೊಳಿನೇ ಹರೀತು, ಹಿಂದಿನ ಎರಡರಾಗ ಹೆಸರಿಗಷ್ಟ. ಯಾಕಂದ್ರ ಮುಂದ ಬಯಲಿಗಿರೋ ಡಿಸ್ಕ್ ಬ್ರೇಕ್, ಹಿಂದ ಮುಚ್ಚಿರೋ ಡ್ರಮ್ ಬ್ರೇಕ್, ಮತ್ತ ಬ್ರೇಕ್ ಹಾಕಿದಾಗ ಭಾರ ಬೀಳೋದೂ ಮುಂದೇ.

ಪಾಲಿಶ್ ಹಚ್ಚೋದು ಬಟಾಣಿ ಕಾಳಿನಷ್ಟು, ಫೋಮ್ ಪ್ಯಾಡ್ ಮ್ಯಾಲ, ಅಂಗೈ ಅಗಲ ಜಾಗಕ್ಕ, ಹಗೂರಕ ಒತ್ತಿ. ಬಿಸಿ ವ್ಹೀಲ್ ಮ್ಯಾಲ ಬಿಲ್ಕುಲ್ ಹಚ್ಚಬ್ಯಾಡ್ರಿ, ನಮ್ಮ ಕಡೆ ಮೇ ತಿಂಗಳದಾಗ 42 ಡಿಗ್ರಿ ಮಾಮೂಲಿ, ಹಚ್ಚಿದ ಕೂಡ್ಲೇ ಒಣಗಿ ಪಾಂಡ್ರಗ ಕಲಿ ಬೀಳ್ತದ. ನಾಕೂ ವ್ಹೀಲ್ ಮುಗಿಯೋದ್ರಾಗ ಮಧ್ಯಾಹ್ನ 12 ಹೊಡೀತು, ಬೆನ್ನು ಹಿಡ್ಕೊಂತು, ನಡು ನಡುವ ಓಣಿಯವರು ಬಂದು "ಮಾರಲಿಕ್ಕೆ ಇಟ್ಟೀರೇನ್ರಿ ಗಾಡಿ" ಅಂತ ಕೇಳಿ ಹೋದ್ರು. ರಿಸಲ್ಟ್ ಅಂತೂ ಖರೇನೇ ಛಲೋ. ಹತ್ತು ಗೀರಿದ್ದಲ್ಲಿ ಎಂಟು ಹೋಗಿದ್ವು, ಆ ಪುಡಿ ಹಚ್ಚಿ ಮಬ್ಬ ಮಾಡಿದ ಸ್ಪೋಕ್ ಸೈತ ಬಂತು.

ಆದ್ರ ನನಗ ಆವಾಗ ತಿಳೀಲಾರದ್ದು ಒಂದಿತ್ತು. ಪಾಲಿಶ್ ಗೀರು ತುಂಬಂಗಿಲ್ಲ, ಗೀರಿನ ಆಜೂಬಾಜೂ ಇರೋ ಲ್ಯಾಕರ್ ಹೆರೆದು ಗೀರಿನ ತಳದ ಮಟ್ಟಕ್ಕ ತರ್ತದ, ಅಂದ್ರ ಹೊಳಪು ಬಂದಷ್ಟು ಸಲ ಲ್ಯಾಕರ್ ತೆಳ್ಳಗ ಆಗ್ತಾ ಹೋಗ್ತದ. ನಾ ಖುಷಿಯಾಗಿ ಮೊದಲಿನ ನಾಕು ತಿಂಗಳದಾಗ ಮೂರು ಸಲ ತಿಕ್ಕಿದೆ, ಯಾಕಂದ್ರ ಪ್ರತಿ ಸಲ ಒಂದು ತಿಂಗಳಿಗೆ ಗೀರು ವಾಪಸ್. ಪಾಲಿಶ್ ಖರಾಬ್ ಅದ ಅಂತ ಒಂದು ಸ್ಟಾರ್ ಕೊಡೋವ ಇದ್ದೆ.

ಖರಾಬ್ ಇದ್ದದ್ದು ತೊಳಿಯೋದು. ಟೈಮ್ ಇಲ್ಲಂತ ಒಂದು ವಾಷಿಂಗ್ ಸೆಂಟರ್‌ಗೆ ಬಿಡ್ತಿದ್ದೆ, ಒಂದಿನ ಅಲ್ಲೇ ನಿಂತು ನೋಡಿದೆ, ಟೈರ್ ತಿಕ್ಕಿದ ಬಿರುಸು ಬ್ರಶ್‌ದಿಂದಲೇ ವ್ಹೀಲೂ ತಿಕ್ಕಿದ, ಒರಸಿದ್ದು ನೆಲಕ್ಕ ಬಿದ್ದಿದ್ದ ಅರಿವಿ, ಅದರಾಗ ಹಿಂದಿನ ಟ್ರ್ಯಾಕ್ಟರಿನ ಉಸುಕು. ವ್ಹೀಲ್ ಮ್ಯಾಲ ಆಸಿಡ್ ಹೊಡಿಲೇನಣ್ಣಾ, ಪಳಪಳ ಆಗ್ತದ ಅಂತ ಬ್ಯಾರೆ ಕೇಳಿದ. ಬ್ಯಾಡಪ್ಪಾ ಅಂತ ಕೈ ಮುಗದೆ. ಆಸಿಡ್ ಮೊದಲ ದಿನ ಹೊಳಸ್ತದ, ಲ್ಯಾಕರ್‌ದಾಗ ಎಲ್ಲಿ ಸೀಳಿರ್ತದೋ ಅಲ್ಲಿಂದ ಒಳಗ ಹೋಗಿ ಅಲ್ಯೂಮಿನಿಯಂ ತಿಂತದ. ಸಿಮೆಂಟ್ ಧೂಳೂ ಏನು ಕಡಿಮಿ ಅಲ್ಲ, ನೀರು ಕುಡದು ಒಣಗಿದ್ರ ಕಚ್ಚಿ ಹಿಡೀತದ, ಅದು ಕ್ಷಾರ, ಅಲ್ಯೂಮಿನಿಯಂಗೆ ಅದೂ ಆಗಿಬರಂಗಿಲ್ಲ.

ಅವತ್ತಿಂದ ವ್ಹೀಲ್ ನಾನೇ ತೊಳಿತೀನಿ, ವಾರಕ್ಕೊಮ್ಮಿ, 20 ನಿಮಿಷ. ವ್ಹೀಲಿಗೆ ಬ್ಯಾರೇನೇ ಬಕೀಟು, ಬ್ಯಾರೇ ಮೆತ್ತನ ಬ್ರಶ್ಶು, ಬ್ಯಾರೇ ಮೈಕ್ರೋಫೈಬರ್. ಕೈ ಹಚ್ಚೋಕಿಂತ ಮೊದಲ ಎರಡು ನಿಮಿಷ ಬರೀ ನೀರು, ಎರಿ ಮಣ್ಣು ಇದ್ರ ನೆನಿಲಿಕ್ಕೆ ಬಿಡಬೇಕು, ಒಣ ಮಣ್ಣು ಒರಸಿದ್ರಂತೂ ಸ್ಯಾಂಡ್‌ಪೇಪರ್ ಹಚ್ಚಿದಂಗ. ಮತ್ತ ನಮ್ಮ ಬೋರಿನ ಸವಳು ನೀರು, ತೊಳದು ಹಂಗ ಬಿಟ್ರ ಹನಿ ಹನಿ ಬಿಳಿ ಕಲಿ ಕೂಡ್ತದ, ಅದಕ್ಕ ತೊಳದ ಕೂಡ್ಲೇ ಒರಸಲೇಬೇಕು. ಕೂತೇ ಬಿಟ್ಟಿದ್ರ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರಸಿ ಒಂದು ನಿಮಿಷ ಒದ್ದಿ ಅರಿವಿ ಇಟ್ಟು ಚೊಲೋತ್ನಾಗ ತೊಳೀರಿ. ಹಿಂಗ ಶುರು ಮಾಡಿ 14 ತಿಂಗಳಾತು, ಪಾಲಿಶ್ ಟ್ಯೂಬ್ ಮುಟ್ಟಿದ್ದು ಒಂದೇ ಸಲ.

ಸೀಲಂಟ್ ಬಗ್ಗೆ. ಡಬ್ಬಿ ಮ್ಯಾಲ 6 ತಿಂಗಳು ಅಂತ ಬರದಾರ, ನನಗ ಹಿಂದಿನ ವ್ಹೀಲಿಗೆ ಮೂರು ಮೂರೂವರಿ, ಮುಂದಿನವಕ್ಕ ಎರಡು ತಿಂಗಳು ಬಂತು. ಮುಂದ ಬ್ರೇಕಿನ ಕಾವು ಜಾಸ್ತಿ ಇರ್ತದಲ್ಲ, ಅದಕ್ಕ. ನೀರು ಹಾಕಿದಾಗ ಕೆಸುವಿನ ಎಲಿ ಮ್ಯಾಲಿನ ಹಂಗ ಹನಿ ಉರುಳೋದು ನಿಂತು ಹಾಳಿ ಹಂಗ ಹರಡಿಕೊಂತಂದ್ರ ಮತ್ತ ಹಚ್ಚೋ ಟೈಮ್ ಬಂತು ಅಂತ. ಹಂಗಿದ್ರೂ ನನ್ನ ರೊಕ್ಕ ವಸೂಲ್ ಆಗಿದ್ದು ಇದರಿಂದಲೇ, ಮಣ್ಣು ಬ್ರೇಕ್ ಪುಡಿ ಎರಡೂ ಬರೀ ನೀರಿಗೆ ಅರ್ಧ ಇಳೀತಾವ, ತಿಕ್ಕೋದು ಕಡಿಮಿ ಆತಂದ್ರ ಗೀರೂ ಕಡಿಮಿ. ಮೊದಲೊಮ್ಮಿ ಕಾರಿನ ಬಣ್ಣಕ್ಕ ಹಚ್ಚೋ ಮೇಣ, ಅದೇ ಕಾರ್ನೌಬಾ ವ್ಯಾಕ್ಸ್, ವ್ಹೀಲಿಗೆ ಹಚ್ಚಿದ್ದೆ, ಬ್ಯಾಸಗ್ಯಾಗ ಮೂರು ವಾರಕ್ಕ ಮಾಯ.

ಈಗ ನನ್ನ ತಪ್ಪು. ಎಡಕ್ಕ ಹಿಂದಿನ ವ್ಹೀಲಿನ ಅಂಚಿಗೆ ಒಂದು ಗೀರಿತ್ತು, ಸೂಪರ್ ಮಾರ್ಕೆಟ್ ಕಡೆ ಪಾರ್ಕ್ ಮಾಡೋವಾಗ ಫರಸಿ ಕಲ್ಲಿಗೆ ತಾಗಿದ್ದು, ಉಗುರು ಸಿಗ್ತಿತ್ತು. ಭಾಯಿ ಹೇಳಿದ್ದು ಗೊತ್ತಿದ್ದೂ 2000 ನಂಬರಿನ ವಾಟರ್ ಪೇಪರ್, ಅಂದ್ರ ನೀರು ಹಚ್ಚಿ ತಿಕ್ಕೋ ಸ್ಯಾಂಡ್‌ಪೇಪರ್ ತಂದು ತಿಕ್ಕಿದೆ, ಹೋಗಲಿಲ್ಲಂತ ಅದಕ್ಕಿಂತ ಬಿರುಸಾದ 1500 ತಂದೆ. ಗೀರು ಹೋತು. ಅದರ ಸಂಗಟ ಲ್ಯಾಕರೂ ಹೋತು. ಹೋದ ಮಳಿಗಾಲ ಮುಗಿಯೋದ್ರಾಗ ಆ ಜಾಗದಿಂದ ಲ್ಯಾಕರಿನ ಕೆಳಗ ಹುಳ ಹರದಂಗ ಹಾಲಿನ ಬಣ್ಣದ ಗೆರಿ ಹೊಂಟ್ವು, ನೀರು ಒಳಗ ಹೋಗಿ ಅಲ್ಯೂಮಿನಿಯಂ ಜಂಗ್ ಹಿಡಿದದ್ದು ಅದು. ಮ್ಯಾಲಿಂದ ಯಾವ ಪಾಲಿಶ್ ಹಚ್ಚಿದ್ರೂ ಅದಕ್ಕ ಸಂಬಂಧ ಇಲ್ಲ.

ಯಾರು ತಗೊಬೇಕು ಅಂದ್ರ, ಉಗುರಿಗೆ ಸಿಗಲಾರದ ಗೀರಿದ್ದವರು ತಗೋರಿ, ವರ್ಷಕ್ಕ ಒಂದು ಸಲ ಸಾಕು. ಅಂಚು ಒರಸಿದ್ದು, ತೂತು ತಗ್ಗು ಬಿದ್ದದ್ದು ಇದ್ರ ಪಾಲಿಶಿಗೆ ರೊಕ್ಕ ಹಾಕಬ್ಯಾಡ್ರಿ. ಕ್ರೋಮ್ ವ್ಹೀಲ್ ನನ್ನ ಹತ್ರ ಇಲ್ಲ, ಅದಕ್ಕ ಅದರ ಬಗ್ಗೆ ಬರೀಲಿಲ್ಲ. ಸೀಲಂಟ್ ಡಬ್ಬಿ ತಳ ಕಂಡದ, ಇನ್ನೊಂದು ಆರ್ಡರ್ ಹಾಕೀನಿ, ಪಾಲಿಶ್ ಟ್ಯೂಬ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಳದದ.

ಆ ಎಡಕಿನ ವ್ಹೀಲ್ ಮತ್ತ ಲೇತ್‌ಗೆ ಹಾಕಿ ಹೆರೆದು ಲ್ಯಾಕರ್ ಹೊಡಿಸಬೇಕು, ಪ್ರತಿ ಸಲ ಲೋಹ ತೆಳ್ಳಗ ಆಗ್ತದಂತ ಅದನ್ನೂ ಭಾಳ ಸಲ ಮಾಡಲಿಕ್ಕೆ ಬರಂಗಿಲ್ಲ. ಮಳಿ ನಿಂತ ಮ್ಯಾಲ ತರ್ರಿ ಅಂದಾನ ಭಾಯಿ. ಅಲ್ಲಿ ತನ ಗಾಡಿ ಎಡಕಿನ ಮಗ್ಗಲು ಗೋಡಿ ಕಡೆ ಬರೋ ಹಂಗ ನಿಲ್ಲಸ್ತೀನಿ.